ಎದುರು ವಕೀಲರಿಲ್ಲದ ಕೆಲಸ

ವಕೀಲಳಾಗಿದ್ದ ಹನ್ನೆರಡು ವರ್ಷವೂ ನಾನು ಹೆದರಿಕೊಂಡೇ ಕೆಲಸ ಮಾಡಿದೆ. ನವಲಗುಂದದ ಕೋರ್ಟಿನಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. ನನ್ನ ದನಿ ದೊಡ್ಡದು, ನಿಲುವು ನೆಟ್ಟಗೆ. ಕಕ್ಷಿದಾರರು ನನ್ನನ್ನು ಗಟ್ಟಿ ಹೆಣ್ಣುಮಗಳು ಎನ್ನುತ್ತಿದ್ದರು. ಆದರೆ ಕೇಸು ಇದ್ದ ದಿನ ಬೆಳಿಗ್ಗೆ ನನಗೆ ಒಂದು ತುತ್ತು ಅವಲಕ್ಕಿಯೂ ಇಳಿಯುತ್ತಿರಲಿಲ್ಲ. ಕೋರ್ಟಿನ ಜವಾನ ಕೇಸಿನ ಹೆಸರು ಕೂಗುವ ಮೊದಲು ಎರಡು ಸಲ ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಆ ಸದ್ದಿಗೇ ನನ್ನ ಹೊಟ್ಟೆಯೊಳಗೆ ಏನೋ ಕೆಳಗೆ ಜಾರಿದಂತಾಗುತ್ತಿತ್ತು. ಕೈ ನಡುಗುವುದು ಕಾಣಬಾರದೆಂದು ಫೈಲನ್ನು ಎದೆಗೆ ಒತ್ತಿ ಹಿಡಿದುಕೊಂಡು ಒಳಗೆ ಹೋಗುತ್ತಿದ್ದೆ.

ನ್ಯಾಯಾಧೀಶರೆಂದರೆ ನನಗೆ ಅಂಥ ಭಯವಿರಲಿಲ್ಲ. ಕೇಸು ಸೋಲುವುದಕ್ಕೂ ಮನಸ್ಸು ಒಗ್ಗಿತ್ತು. ನಾನು ಏನೋ ತಪ್ಪು ಹೇಳಿ, ಎದುರು ವಕೀಲರು ಕುರ್ಚಿ ಹಿಂದಕ್ಕೆ ಸರಿಸಿ ಎದ್ದು ನಿಲ್ಲುವ ಆ ಗಳಿಗೆಗೆ ಮಾತ್ರ ನಾನು ಸಾಯುವಷ್ಟು ಹೆದರುತ್ತಿದ್ದೆ. ವಕೀಲಿಕೆಯ ಎರಡನೇ ವರ್ಷ ಮೊರಬದ ಒಂದು ಆಸ್ತಿ ಪಾಲಿನ ಹಿಸ್ಸೆ ಕೇಸಿನಲ್ಲಿ ಹೊಲದ ಸರ್ವೆ ನಂಬರು ತಪ್ಪು ಓದಿದ್ದೆ. ಮೊರಬ ನನ್ನ ತವರೂರು, ಆ ಹೊಲದ ಬದುವಿನ ಮೇಲೆ ನಾನೇ ಓಡಾಡಿದವಳು. ಎದುರಿನ ಹಿರಿಯ ವಕೀಲರು ಎದ್ದು, ಮೆಲ್ಲಗೆ, "ಬಾಯಾರು ಬ್ಯಾರೆ ಯಾರದೋ ಹೊಲಾ ಹಂಚಾಕತ್ತಾರ್ರಿ, ಸಾಹೇಬ್ರ" ಎಂದರು. ಇಡೀ ಕೋರ್ಟು ನಕ್ಕಿತು. ಆಮೇಲಿನಿಂದ ನಾನು ಯಾವ ಕಾಗದವನ್ನೂ ಹಿಂದೆ ಮುಂದೆ ಎರಡೆರಡು ಸಲ ಓದದೆ ಎದ್ದು ನಿಂತವಳಲ್ಲ. ಹಾಳೆಯ ಬೆನ್ನಿನ ಮೇಲಿನ ಮುದ್ರೆಯನ್ನೂ ಬಿಡುತ್ತಿರಲಿಲ್ಲ.

ಹೀಗಿದ್ದಾಗ ಹುಬ್ಬಳ್ಳಿಯ ಒಂದು ಸಣ್ಣ ಸಲಹಾ ಕಂಪನಿಯಿಂದ ಕರೆ ಬಂತು. ಸೊಸೈಟಿಗಳು, ದಾಲ್ ಮಿಲ್ಲುಗಳು, ಶಾಲೆ ನಡೆಸುವ ಟ್ರಸ್ಟುಗಳು, ಇಂಥವರ ಕೆಲಸ ಎಲ್ಲಿ ತೊಡರಿಕೊಂಡಿದೆ ಎಂದು ಹೋಗಿ ನೋಡಿ, ಹೇಗೆ ನಡೆಸಿದರೆ ಸುಸೂತ್ರವಾಗುತ್ತದೆ ಎಂದು ವರದಿ ಬರೆದುಕೊಡುವುದು ಅವರ ಕೆಲಸ. ಅದನ್ನು ನಡೆಸುತ್ತಿದ್ದವರು ನನಗಿಂತ ಹತ್ತು ವರ್ಷ ದೊಡ್ಡ ಹೆಂಗಸು, ಮುಂಬಯಿಯ ದೊಡ್ಡ ಕಂಪನಿಗಳಲ್ಲಿ ದುಡಿದು ಊರಿಗೆ ಮರಳಿದವರು. ಒಂದು ಸೊಸೈಟಿಯ ಜಗಳವನ್ನು ನಾನು ಕೋರ್ಟಿನ ಹೊರಗೇ ಬಗೆಹರಿಸಿದ್ದನ್ನು ಅವರು ಹತ್ತಿರದಿಂದ ಕಂಡಿದ್ದರು. "ಹಳ್ಳಿ ಮಂದಿ ನಿಮ್ಮ ಮುಂದ ಬಾಯಿ ಬಿಡ್ತಾರ. ಕಾಗದಾನೂ ಓದ್ತೀರಿ. ನನಗ ಅಂಥವರ ಬೇಕು" ಎಂದರು.

ನಾನು ಹೂಂ ಎಂದದ್ದು ಒಂದೇ ಕಾರಣಕ್ಕೆ. ಅಲ್ಲಿ ಎದುರು ವಕೀಲರಿರುವುದಿಲ್ಲ.

ಹೈಸ್ಕೂಲಿನಲ್ಲಿ ಗಣಿತ ಕಲಿಸುವ ನನ್ನ ಗಂಡ ದಿನಾ ಬಸ್ಸಿನಲ್ಲಿ ಹೋಗಿ ಬರುವುದು ಆಗುತ್ತದೆಯೇ ಎಂದಷ್ಟೇ ಕೇಳಿದರು. ಅತ್ತೆಯವರು ಮಾತ್ರ ಹಿಟ್ಟು ನಾದುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದರು.

"ಕೋರ್ಟು ಬಿಡ್ತೀ ಅಂದ್ರ, ಮಂದಿಗೆ ನಾ ಏನಂತ ಹೇಳ್ಲಿ? ಏನ ಕೆಲಸ ಅದು?"

"ಮಿಲ್ಲು, ಸೊಸೈಟಿ ನಡಸವರಿಗೆ ಹೆಂಗ ನಡಸಬೇಕು ಅಂತ ಹೇಳೂದ್ರಿ, ಅತ್ತಿ."

"ಅವರ ಕೆಲಸ ನಿನಗ ಬರ್ತೈತೇನು?"

"ಇಲ್ರಿ."

ಅವರು ಮತ್ತೆ ಹಿಟ್ಟಿಗೆ ಕೈ ಹಾಕಿದರು. ಆ ಪ್ರಶ್ನೆಯನ್ನು ಆಮೇಲೆ ಬೇರೆ ಯಾರೂ ನನಗೆ ಕೇಳಲಿಲ್ಲ. ಕೇಳಬೇಕಾದವರು ಕೂಡ.

ಪೂರ್ಣಾವಧಿ ಸಂಬಳದ ನೌಕರಿಗೆ ಸೇರುವ ವಕೀಲರು ತಮ್ಮ ಸನ್ನದನ್ನು, ಅಂದರೆ ವಕೀಲಿಕೆಯ ಪರವಾನಿಗೆಯನ್ನು, ವಕೀಲರ ಪರಿಷತ್ತಿಗೆ ಒಪ್ಪಿಸಿ ವೃತ್ತಿ ನಿಲ್ಲಿಸಬೇಕು. ಅದನ್ನು ಲಕೋಟೆಗೆ ಹಾಕುವ ದಿನ ನನ್ನ ಗುರುಗಳ ಆಫೀಸಿಗೆ ಹೋಗಿದ್ದೆ. ಅವರ ಕೈಕೆಳಗೇ ನಾನು ಕೆಲಸ ಕಲಿತದ್ದು. ಅವರು ಲಕೋಟೆಯ ಮೇಲಿನ ವಿಳಾಸ ಓದಿದರು, ಪಿನ್‌ಕೋಡ್ ತಿದ್ದಿದರು, ಕನ್ನಡಕ ತೆಗೆದಿಟ್ಟರು. "ಹೆದರಿಕಿ ಹೋಗ್ತದ ಅಂತ ಹೊಂಟೀಯೇನು?" ಎಂದರು. ಹನ್ನೆರಡು ವರ್ಷ ನಾನು ಮುಚ್ಚಿಟ್ಟಿದ್ದು ಅವರಿಗೆ ಮೊದಲಿನಿಂದಲೂ ಗೊತ್ತಿತ್ತು. ನಾನು ನಮಸ್ಕಾರ ಮಾಡಿ ಬಂದುಬಿಟ್ಟೆ.

ಮೊದಲ ಏಳೆಂಟು ತಿಂಗಳು ಹಗುರಾಗಿ ಕಳೆದವು. ಬೆಳಿಗ್ಗೆ ಆಧಾರ್ ತೋರಿಸಿ ಬಸ್ ಹತ್ತುತ್ತಿದ್ದೆ, ಕಿಟಕಿಯ ಬದಿ ಕುಳಿತು ಡಬ್ಬಿಯೊಳಗಿನ ಉಪ್ಪಿಟ್ಟು ತಿನ್ನುತ್ತಿದ್ದೆ, ಅದು ಹೊಟ್ಟೆಯಲ್ಲಿ ನಿಲ್ಲುತ್ತಿತ್ತು. ಮೀಟಿಂಗಿನಲ್ಲಿ ನಾನು ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಚಿತ್ರ ಬಿಟ್ಟು ವಿವರಿಸಿದರೆ ಎಲ್ಲರೂ ತಲೆಯಾಡಿಸುತ್ತಿದ್ದರು. ಯಾರೂ ಕುರ್ಚಿ ಸರಿಸಿ ಎದ್ದು ನಿಲ್ಲುತ್ತಿರಲಿಲ್ಲ. ಮೊದಲು ವಕೀಲಳಾಗಿದ್ದೆ ಎಂದು ತಿಳಿದರಂತೂ ಸಣ್ಣಪುಟ್ಟ ಅನುಮಾನವನ್ನೂ ನುಂಗಿಕೊಳ್ಳುತ್ತಿದ್ದರು. ಇಂಥ ಕೆಲಸ ಇಷ್ಟು ದಿನ ಎಲ್ಲಿತ್ತು ಎಂದುಕೊಂಡೆ.

ಚಳಿಗಾಲದ ಆರಂಭದಲ್ಲಿ, ಹತ್ತಿ ಬರುವ ಹೊತ್ತಿಗೆ, ಕುಂದಗೋಳದ ಕಡೆಯ ಒಂದು ಜಿನ್ನಿನ ಕೆಲಸ ನನ್ನೊಬ್ಬಳ ಪಾಲಿಗೆ ಬಂತು. ಜಿನ್ನು ಎಂದರೆ ಹತ್ತಿಯಿಂದ ಬೀಜ ಬೇರ್ಪಡಿಸುವ ಕಾರ್ಖಾನೆ. ಉದ್ದನೆಯ ತಗಡಿನ ಮನೆ, ಒಳಗೆ ಎರಡು ಸಾಲು ಯಂತ್ರ. ಹೆಂಗಸರು ಯಂತ್ರದ ಬಾಯಿಗೆ ಹತ್ತಿ ಹಾಕುತ್ತಾರೆ, ಬಿಳಿಯ ಅರಳೆ ಮುಂದೆ ಬೀಳುತ್ತದೆ, ಬೀಜ ಕೆಳಗೆ ಉದುರುತ್ತದೆ. ಒಳಗಿನ ಗಾಳಿಯಲ್ಲೆಲ್ಲ ಅರಳೆಯ ಎಳೆ ತೇಲುತ್ತಿರುತ್ತದೆ. ಹೆಂಗಸರು ಸೆರಗನ್ನು ಮೂಗಿಗೆ ಬಿಗಿದುಕೊಂಡಿರುತ್ತಾರೆ. ಅಲ್ಲಿಯ ತೊಂದರೆ ಎಂದರೆ ಕೆಲಸ ಸಾಗುತ್ತಿರಲಿಲ್ಲ. ಹತ್ತಿ ತಂದ ಟ್ರಾಕ್ಟರುಗಳು ಗೇಟಿನ ಹೊರಗೆ ಸಾಲುಗಟ್ಟಿ ನಿಲ್ಲುತ್ತಿದ್ದವು, ಹೆಂಗಸರು ಮಧ್ಯಾಹ್ನದ ಹೊತ್ತಿಗೇ ದಣಿದು ಕೂರುತ್ತಿದ್ದರು.

ನಾಲ್ಕು ದಿನ ಅಲ್ಲಿದ್ದು ನೋಡಿದೆ. ಕಾರಣ ನನ್ನ ಕಣ್ಣಿಗೆ ಬೇಗ ಬಿತ್ತು. ಹತ್ತಿಯ ರಾಶಿ ಅಂಗಳದ ಆಚೆ ತುದಿಯಲ್ಲಿ, ಕಾಂಪೌಂಡಿಗೆ ತಾಗಿಕೊಂಡಿತ್ತು. ಮನೆಯಷ್ಟು ಎತ್ತರದ ರಾಶಿ, ಮೇಲೆ ತಾಡಪತ್ರಿ. ಹೆಂಗಸರು ಅಲ್ಲಿಂದ ಗಂಟು ಕಟ್ಟಿ, ತಲೆಯ ಮೇಲೆ ಹೊತ್ತು, ಬಿಸಿಲಿನಲ್ಲಿ ಅಂಗಳ ದಾಟಿ ಬರಬೇಕು. ದಿನಕ್ಕೆ ಎಷ್ಟು ಸಲ ಹೋಗಿ ಬರುತ್ತಾರೆ ಎಂದು ಒಬ್ಬಳ ಹಿಂದೆಯೇ ಓಡಾಡಿ ಎಣಿಸಿದೆ. ಮೂರನೆಯ ದಿನ ನನ್ನ ಕಾಲೇ ಊದಿಕೊಂಡಿತು. ರಾಶಿಯನ್ನು ಜಿನ್ನಿನ ಮನೆಯ ಹಿಂಗೋಡೆಗೆ ತಂದರೆ ಈ ನಡಿಗೆಯೇ ಇರುವುದಿಲ್ಲ. ಅಲ್ಲಿ ಒಂದು ಅಗಲವಾದ ಕಿಟಕಿಯೂ ಇತ್ತು, ಅದರಿಂದಲೇ ಹತ್ತಿಯನ್ನು ಒಳಗೆ ತಳ್ಳಬಹುದು.

ಕೆಲಸದ ಹೆಂಗಸರನ್ನು ನೆರಳಿಗೆ ಕರೆದು ಕೇಳಿದೆ. "ರಾಶಿ ಸಮೀಪ ತಂದ್ರ ನಿಮಗ ನಡಿಯೂದು ಕಡಿಮಿ ಆಗ್ತೈತಲ್ಲ?"

"ಹೌದ್ರಿ, ಅಕ್ಕಾರ" ಎಂದರು.

ವರದಿ ಓದಿದ ದಿನ ಮಾಲಕರ ಕೋಣೆಯಲ್ಲಿ ಮಾಲಕರು, ಮ್ಯಾನೇಜರು, ಹುಬ್ಬಳ್ಳಿಯಿಂದ ಬಂದ ನಮ್ಮ ಕಂಪನಿಯ ಮೇಡಂ ಮತ್ತು ನಾನು ಇದ್ದೆವು. ನಾನು ಬರೆದ ನಕ್ಷೆಯನ್ನು ಮಾಲಕರು ಒಂದು ಸಲ ನೋಡಿ, "ಕಾಯ್ದೆ ಓದಿದವರು ನೀವು. ನೀವ ಹೇಳಿದ ಮ್ಯಾಲ ಮುಗೀತು" ಎಂದು ಮ್ಯಾನೇಜರಿಗೆ ಕೈಸನ್ನೆ ಮಾಡಿದರು. ಒಂದೇ ವಾರದಲ್ಲಿ ರಾಶಿ ಹಿಂಗೋಡೆಗೆ ಬಂತು. ಟ್ರಾಕ್ಟರುಗಳ ಸಾಲು ಕರಗಿತು. ಮ್ಯಾನೇಜರು ಫೋಟೋ ಕಳಿಸಿದರು. ನಾನು ಅದನ್ನು ಗಂಡನಿಗೂ ಅತ್ತೆಯವರಿಗೂ ತೋರಿಸಿದೆ.

ಮೂರು ವಾರ ಕಳೆದ ಮೇಲೆ ಎರಡನೆಯ ಹಂತದ ಕೆಲಸಕ್ಕೆಂದು ಮತ್ತೆ ಅಲ್ಲಿಗೆ ಹೋಗಿದ್ದೆ. ಸಂಜೆ ವಾಪಸು ಬಸ್ಸಿನಲ್ಲಿ, ಜಿನ್ನಿನಲ್ಲಿ ಕೆಲಸ ಮಾಡುವ ಒಬ್ಬ ಹೆಂಗಸು ನನ್ನ ಬಾಜು ಬಂದು ಕುಳಿತಳು. ಕುಬಿಹಾಳದವಳು, ವಯಸ್ಸು ಐವತ್ತರ ಮೇಲೆ, ಹುಬ್ಬಿನ ಮೇಲೆಲ್ಲ ಅರಳೆ ಅಂಟಿತ್ತು. ಮಗಳ ಹೆರಿಗೆಯಾಗಿದೆ, ನೋಡಲು ಹುಬ್ಬಳ್ಳಿಗೆ ಹೊರಟಿದ್ದೇನೆ ಎಂದಳು. ಜಿನ್ನಿನಲ್ಲಿ ನಾನು ಮೂರು ದಿನ ಬೆನ್ನು ಬಿದ್ದು ಹೆಜ್ಜೆ ಎಣಿಸಿದ್ದು ಇವಳದ್ದೇ. ನಾನು ಸಂತೋಷದಿಂದ ಕೇಳಿದೆ.

"ಈಗ ಕಾಲಿಗೆ ಆರಾಮ ಆತಿಲ್ಲೋ?"

"ಆಗೇತ್ರಿ. ಅದರಾಗ ಸುಳ್ಳ ಹೇಳಬಾರದು." ಹುಬ್ಬಿನ ಅರಳೆ ಒರೆಸಿಕೊಂಡಳು. "ಖರೇ ಜೀವಾ ಕೈಯಾಗ ಹಿಡಕೊಂಡ ಕುಂದರೂದ ಆಗೇತಿ."

ಯಾಕೆಂದು ಕೇಳಿದೆ. ಅವಳು ಹವಾಮಾನದ ಮಾತು ಆಡುವಂತೆ ಹೇಳಿದಳು. ಹತ್ತಿಯೊಳಗೆ ಒಮ್ಮೊಮ್ಮೆ ಕಬ್ಬಿಣದ ಚೂರು, ಹರಳು ಬಂದುಬಿಡುತ್ತದೆ. ಯಂತ್ರದ ರೋಲರಿಗೆ ಸಿಕ್ಕರೆ ಕಿಡಿ ಹಾರುತ್ತದೆ. ಅರಳೆ ಬಗ್ಗನೆ ಹೊತ್ತಿಕೊಳ್ಳುತ್ತದೆ. ಅವರ ಬಾಜೂಕ್ಕೆ ಯಾವಾಗಲೂ ನೀರಿನ ಬ್ಯಾರಲ್, ಒದ್ದೆ ಗೋಣಿಚೀಲ ಇರುತ್ತದೆ. ತಟ್ಟಿ ಆರಿಸುತ್ತಾರೆ. ಆರಿಸಲಿಕ್ಕೆ ಆಗದಿದ್ದರೆ ಎದ್ದು ಓಡಬೇಕು.

"ಮುಂದಿನ ಬಾಗಲಾ ಅರಳಿ ಎತ್ತೂ ಗಂಡಸರ ಕಡೆ ಐತ್ರಿ, ನಡುವ ಯಂತ್ರದ ಸಾಲು. ನಮ್ಮ ಸಾಲಿನವರು ಓಡೂದು ಹಿಂದಿನ ಬಾಗಲದಾಗ. ಈಗ ಅದರ ಮುಂದ ರಾಶಿ ಬಂದೈತಿ. ಆ ಬಾಗಲಾ ತಗಿಯಾಕ ಬರಂಗಿಲ್ಲ."

ನನಗೆ ಆ ಬಾಗಿಲು ನೆನಪಾಯಿತು. ಹಿಂಗೋಡೆಯಲ್ಲಿ, ಕಿಟಕಿಯಿಂದ ನಾಲ್ಕು ಮಾರು ದೂರ. ಸದಾ ಮುಚ್ಚಿರುವುದನ್ನು ನೋಡಿ, ಬಳಕೆಯಲ್ಲಿಲ್ಲ ಎಂದು ನನ್ನ ನಕ್ಷೆಯಲ್ಲಿ ಅದನ್ನು ಬರೆದೇ ಇರಲಿಲ್ಲ.

"ಮತ್ತ ನಾ ಕೇಳಿದಾಗ ಯಾಕ ಹೇಳ್ಲಿಲ್ಲ, ಅವ್ವಾ?"

"ನೀವು ನಡಿಯೂದ ಕೇಳಿದ್ರಿ, ನಡಿಯೂದ ಹೇಳಿದ್ವಿ. ಬೆಂಕೀದು ಕೇಳಿಲ್ಲಲ್ರಿ."

ಹನ್ನೆರಡು ವರ್ಷ ನಾನು ಸಾಕ್ಷಿಗಳಿಗೆ ಹೇಳಿಕೊಟ್ಟದ್ದು ಇದನ್ನೇ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ, ಕೇಳದ್ದನ್ನು ಹೇಳಲು ಹೋಗಬೇಡಿ. ಬಸ್ಸಿನ ಮುಂದಿನ ಸೀಟಿನ ಕಂಬಿಯನ್ನು ಹಿಡಿದುಕೊಂಡೆ.

ಮನೆಗೆ ಬಂದು ಕೈಕಾಲು ಕೂಡ ತೊಳೆಯದೆ ಜಿನ್ನಿನ ಫೈಲು ತೆಗೆದೆ. ಕೆಲಸ ಶುರುವಾದಾಗಲೇ ಮ್ಯಾನೇಜರು ಕಾಗದಗಳ ಒಂದು ಕಟ್ಟು ಕೊಟ್ಟಿದ್ದರು. ಅದರ ದಾರವನ್ನೇ ನಾನು ಬಿಚ್ಚಿರಲಿಲ್ಲ. ಕಟ್ಟಿನ ನಡುವೆ ಕಾರ್ಖಾನೆಯ ಮಂಜೂರಾದ ನಕ್ಷೆ ಸಿಕ್ಕಿತು. ಹತ್ತಿಯ ರಾಶಿಯ ಜಾಗ ಅಂಗಳದ ಆಚೆ ತುದಿಗೇ ಗುರುತು ಮಾಡಿತ್ತು, ಹಿಂದಿನ ಬಾಗಿಲಿಗೆ ಕೆಂಪು ಬಾಣ. ಬೆನ್ನಿನ ಮೇಲಿನ ಮುದ್ರೆಯವರೆಗೆ ಓದುತ್ತಿದ್ದ ನಾನು ಇದನ್ನು ಓದಿರಲಿಲ್ಲ. ಯಾಕೆಂದರೆ, ಓದಿದ್ದೀರಾ ಎಂದು ಕೇಳುವವರು ಅಲ್ಲಿ ಯಾರೂ ಇರಲಿಲ್ಲ.

ಮರುದಿನ ಆಫೀಸಿನಲ್ಲಿ ಮೇಡಂ ಮುಂದೆ ನಕ್ಷೆ ಹರಡಿದೆ. ಕೆಟ್ಟವರಲ್ಲ ಅವರು. ಅವರ ಮುಖವೂ ಬಿಳಿಚಿತು.

"ಎರಡನೇ ಹಂತದ ವರದಿಯೊಳಗ ಸೇರಿಸೂಣು. ‘ಇನ್ನಷ್ಟು ಸುಧಾರಣೆ’ ಅಂತ" ಎಂದರು.

"ಅದಕ್ಕ ಇನ್ನೂ ಒಂದ ತಿಂಗಳ ಐತ್ರಿ, ಮೇಡಂ. ಜಿನ್ನು ದಿನಾ ನಡದೈತಿ."

"ನಾವ ಹೇಳಿದ್ದು ನಾವ ತಪ್ಪು ಅಂದ್ರ, ನಾಳೆ ಯಾರು ಕರೀತಾರ ನಮ್ಮನ್ನ? ಇಷ್ಟ ವರ್ಷ ನಡದೈತಿ, ಒಂದ ತಿಂಗಳು ನಡೀತೈತಿ. ಗಾಬರಿ ಆಗಬ್ಯಾಡ್ರಿ."

ಗುರುಗಳ ಹತ್ತಿರವೂ ಹೋದೆ. ಅವರು ಧೈರ್ಯ ಹೇಳುತ್ತಾರೆಂದು ನಂಬಿಕೊಂಡು ಹೋಗಿದ್ದೆ. ಅವರು ಎಲ್ಲವನ್ನೂ ಕೇಳಿ, ವಕೀಲರು ಹೇಳಬೇಕಾದ್ದನ್ನೇ ಹೇಳಿದರು. "ಬಾಯಿಲೆ ಏನರೆ ಹೇಳು. ಬರದು ಮಾತ್ರ ಕೊಡಬ್ಯಾಡ. ನಾಳೆ ಏನರೆ ಆದ್ರ ನಿನ್ನ ಅಕ್ಷರಾನ ನಿನ್ನ ವಿರುದ್ಧ ಸಾಕ್ಷಿ ಆಗ್ತದ." ನಾನು ಅವರ ಜಾಗದಲ್ಲಿದ್ದರೂ ಇದನ್ನೇ ಹೇಳುತ್ತಿದ್ದೆ. ಇಬ್ಬರ ಮಾತೂ ಸರಿಯಾಗಿಯೇ ಇತ್ತು. ಅದೇ ನನ್ನನ್ನು ಇನ್ನಷ್ಟು ಹೆದರಿಸಿತು.

ಹೀಗೆ ನಾಲ್ಕು ದಿನ ಹೋದವು. ಮ್ಯಾನೇಜರ ನಂಬರು ತೆರೆದಿಟ್ಟುಕೊಂಡು, ಕರೆ ಮಾಡದೆ ಮುಚ್ಚುತ್ತಿದ್ದೆ. ಕಣ್ಣು ಮುಚ್ಚಿದರೆ ಆ ಹೆಂಗಸರು ಸಾಲಾಗಿ ಕುಳಿತದ್ದೇ ಕಾಣುತ್ತಿತ್ತು. ಬೆನ್ನು ನನ್ನ ಕಡೆ, ಬೆನ್ನ ಹಿಂದೆ ನನ್ನ ರಾಶಿ. ನಾಲ್ಕನೆಯ ದಿನ ಬಸ್ಸಿನಲ್ಲಿ ಬರುವಾಗ ದೂರದ ಎರೆ ಹೊಲದಲ್ಲಿ ಯಾರೋ ಹತ್ತಿಯ ಕಟ್ಟಿಗೆಗೆ ಬೆಂಕಿ ಹಚ್ಚಿದ್ದರು. ಬಯಲಿನ ಅಂಚಿಗೆ ಹೊಗೆ ಎದ್ದಿತ್ತು. ಅದು ಕುಂದಗೋಳದ ದಿಕ್ಕೇ ಅಲ್ಲ, ನನಗೆ ಗೊತ್ತಿತ್ತು. ಆದರೂ ನಾನು ಬಸ್ಸಿನಲ್ಲಿ ಎದ್ದು ನಿಂತುಬಿಟ್ಟೆ. ಕಂಡಕ್ಟರು ಬಂದು, "ಇಲ್ಲೆ ಸ್ಟಾಪ್ ಇಲ್ರಿ, ಕುಂದರ್ರಿ" ಎಂದು ಹೇಳಿದ ಮೇಲೆ ಕುಳಿತೆ.

ಮನೆಯಲ್ಲಿ ವಿಷಯ ಹೇಳಿದ್ದೆ. ಅಂದು ರಾತ್ರಿ ಊಟಕ್ಕೆ ಕುಳಿತಾಗ ರೊಟ್ಟಿಯನ್ನು ಚೂರು ಮಾಡುತ್ತಿದ್ದೆನೇ ಹೊರತು ಬಾಯಿಗೆ ಹಾಕುತ್ತಿರಲಿಲ್ಲ. ಗಂಡ ಅದನ್ನು ನೋಡಿ, "ನಾಳೆ ಜಿನ್ನು ಎಷ್ಟಕ್ಕ ಚಾಲೂ ಆಗ್ತೈತಿ?" ಎಂದು ಕೇಳಿದರು.

"ಎಂಟಕ್ಕ."

"ಹಂಗಾರ ಆರರ ಬಸ್ಸಿಗೆ ಹೋಗೂಣು. ಬಸ್‌ಸ್ಟ್ಯಾಂಡಿನ ತನಕಾ ನಾನೂ ಬರ್ತೇನಿ."

ಬೆಳಿಗ್ಗೆ ನಾನು ಹೊರಡುವಾಗ ದೇವರ ಮುಂದಿನ ದೀಪಕ್ಕೆ ಎಣ್ಣೆ ಹಾಕುತ್ತಿದ್ದ ಅತ್ತೆಯವರು, ತಿರುಗಿ ನೋಡದೆ, "ಫೋನ್ ಮಾಡು" ಎಂದರು.

ಹುಬ್ಬಳ್ಳಿಯಲ್ಲಿ ಬಸ್ ಬದಲಿಸುವಾಗ ಮೇಡಂಗೆ ಒಂದು ಮೆಸೇಜು ಹಾಕಿದೆ. ‘ನಾನು ಜಿನ್ನಿಗೆ ಹೊರಟಿದ್ದೇನೆ. ಕ್ಷಮಿಸಿ.’ ಆಮೇಲೆ ಫೋನಿನ ದನಿ ಬಂದ್ ಮಾಡಿದೆ.

ಎರಡನೆಯ ಬಸ್ಸು ತಡವಾಗಿ ಬಂತು. ನಾನು ಮುಟ್ಟುವ ಹೊತ್ತಿಗೆ ಜಿನ್ನು ಶುರುವಾಗಿ ಬಹಳ ಹೊತ್ತಾಗಿತ್ತು. ಗೇಟಿನಿಂದಲೇ ಅದರ ಸದ್ದು ಕೇಳಿ, ಎಲ್ಲ ಸರಿಯಾಗಿದೆ ಎಂದು ಒಂದು ಕ್ಷಣ ಉಸಿರು ಬಿಟ್ಟೆ. ಮಾಲಕರು ಕೋಣೆಯಲ್ಲಿದ್ದರು. ಚಹಾ ತರಿಸಿದರು. ನಾನು ಕಪ್ಪು ಮುಟ್ಟದೆ ಹೇಳಿದೆ.

"ರಾಶಿ ಹಿಂಗ್ವಾಡಿಗೆ ತರ್ರಿ ಅಂತ ನಾ ಹೇಳಿದ್ದು ತಪ್ಪಾಗೇತ್ರಿ. ಇವತ್ತ ತಗಸಬೇಕು."

ಅವರು ನಕ್ಕರು. ನಾನು ನಗದೆ ಇದ್ದದ್ದನ್ನು ಕಂಡು ಅವರೂ ನಿಲ್ಲಿಸಿದರು. "ತಿಂಗಳ ಹಿಂದ ಸರಿ ಇತ್ತು, ಇವತ್ತ ತಪ್ಪಾತು? ಯಾರ ಹೇಳಿದ್ರು ನಿಮಗ? ಒಳಗಿನ ಹೆಣಮಕ್ಕಳು ಯಾರರೆ ಬಾಯಿ ಬಿಟ್ಟಾರೇನು?"

ಈ ಪ್ರಶ್ನೆಗೆ ನಾನು ತಯಾರಾಗಿ ಬಂದಿರಲಿಲ್ಲ. ನನ್ನ ತಪ್ಪು ಒಪ್ಪಿಕೊಳ್ಳುವ ಭಯವೊಂದನ್ನೇ ಹೊತ್ತು ಬಂದಿದ್ದೆ. ಇನ್ನೊಬ್ಬಳ ಹೊಟ್ಟೆಯ ಕೂಳು ಇದರಲ್ಲಿದೆ ಎಂಬುದು ಆಗ ಹೊಳೆಯಿತು.

"ಯಾರೂ ಹೇಳಿಲ್ರಿ. ನಿಮ್ಮ ಮಂಜೂರಾದ ನಕ್ಷೆ ನಾ ಓದಿರಲಿಲ್ಲ. ಈಗ ಓದಿದೆ" ಎಂದು ಅದನ್ನು ಮೇಜಿನ ಮೇಲೆ ಬಿಡಿಸಿದೆ. ಕೆಂಪು ಬಾಣದ ಮೇಲೆ ಬೆರಳಿಟ್ಟೆ. "ಇದು ಓಡಿ ಹೋಗೂ ಬಾಗಲಾ. ಇದರ ಮುಂದ ನಾ ರಾಶಿ ಹಾಕಿಸೇನಿ."

"ಸೀಜನ್ ನಟ್ಟನಡುವ ಐತ್ರಿ, ಬಾಯಾರ. ನಿಮ್ಮ ಮಾತಿಗೆ ಒಮ್ಮೆ ಅಲ್ಲಿಂದ ಇಲ್ಲೆ, ಒಮ್ಮೆ ಇಲ್ಲಿಂದ ಅಲ್ಲೆ. ಬರದು ಕೊಡ್ತೀರೇನು, ತಪ್ಪು ನಿಮ್ಮದು ಅಂತ?"

ಕೇಳಿದರೆ ನಾನು ಹಿಂದೆ ಸರಿಯುತ್ತೇನೆಂದು ಅವರು ಎಣಿಸಿದ್ದರು. ನಾನೂ ಹಾಗೆಯೇ ಎಣಿಸಿದ್ದೆ. ಗುರುಗಳ ಮಾತು ಕಿವಿಯಲ್ಲೇ ಇತ್ತು. ಅವರ ಮೇಜಿನಿಂದಲೇ ಒಂದು ಹಾಳೆ ಎಳೆದುಕೊಂಡು ಬರೆದೆ. ಇಂಥ ದಿನ ನಾನು ಕೊಟ್ಟ ಸಲಹೆಯಲ್ಲಿ ತಪ್ಪಿದೆ, ಹಿಂದಿನ ಬಾಗಿಲು ಮುಚ್ಚಿಹೋಗಿದೆ, ಬೆಂಕಿ ಬಿದ್ದರೆ ಜೀವಹಾನಿಯಾಗುವ ಸಂಭವವಿದೆ, ರಾಶಿಯನ್ನು ಕೂಡಲೇ ಮೊದಲಿನ ಜಾಗಕ್ಕೆ ಸಾಗಿಸಬೇಕು. ಕೈ ನಡುಗಿ ಅಕ್ಷರಗಳು ಸೊಟ್ಟಗಾದವು. ಬಚ್ಚಿಡಲು ಎದೆಗೆ ಒತ್ತಿಕೊಳ್ಳುವ ಫೈಲು ಇರಲಿಲ್ಲ. ಸಹಿ ಮಾಡಿ ಕೊಟ್ಟೆ.

ಹಾಳೆ ಓದಿದ ಮೇಲೆ ಮಾಲಕರ ಮುಖ ಬದಲಾಯಿತು. ಜೀವಹಾನಿ ಎಂಬ ಮಾತು ಬರವಣಿಗೆಯಲ್ಲಿ ತಮ್ಮ ಮೇಜಿನ ಮೇಲೆ ಬಂದ ಮೇಲೆ ಸುಮ್ಮನಿರುವುದು ಅವರಿಗೂ ಕಷ್ಟವೆಂದು ಅವರಿಗೆ ತಿಳಿಯಿತು. ನಾನು ಅದಕ್ಕಾಗಿಯೇ ಆ ಮಾತನ್ನು ಹಾಕಿದ್ದೆ. "ತಗಸ್ತೇನಿ. ಜಿನ್ನು ಮಾತ್ರ ಬಂದ್ ಮಾಡಂಗಿಲ್ಲ" ಎಂದರು.

ಗಂಡಾಳುಗಳು ಹೊರಗಿನಿಂದ ರಾಶಿ ಕೆದರಲು ಶುರುಮಾಡಿದರು. ಬಾಗಿಲು ಬಿಡಿಸಿಕೊಳ್ಳಲು ಗಂಟೆಗಟ್ಟಲೆ ಬೇಕಿತ್ತು. ನಾನು ಅಂಗಳದಲ್ಲಿ ನಿಲ್ಲಬಹುದಿತ್ತು. ನಿಲ್ಲಲು ಆಗಲಿಲ್ಲ. ಒಳಗೆ ಹೋಗಿ ಹೆಂಗಸರ ಸಾಲಿನ ಕೊನೆಯಲ್ಲಿ, ಹಿಂದಿನ ಬಾಗಿಲ ಪಕ್ಕ ನಿಂತೆ. ಕುಬಿಹಾಳದವಳು ಮೂರನೆಯ ಯಂತ್ರದ ಮುಂದಿದ್ದಳು. ನನ್ನನ್ನು ನೋಡಿ, ನೋಡದವಳಂತೆ ತಲೆ ತಗ್ಗಿಸಿದಳು. ಯಂತ್ರಗಳ ಸದ್ದಿನಲ್ಲಿ ಮಾತು ಕೇಳುತ್ತಿರಲಿಲ್ಲ. ಅರಳೆಯ ಎಳೆ ಕಣ್ಣಿನ ರೆಪ್ಪೆಗೆ, ತುಟಿಗೆ ಅಂಟುತ್ತಿತ್ತು.

ಎಷ್ಟು ಹೊತ್ತಾಗಿತ್ತೋ. ಐದನೆಯ ಯಂತ್ರದಲ್ಲಿ ಟಕ್ ಎಂದು ಒಂದು ಸಣ್ಣ ಸಪ್ಪಳ ಕೇಳಿತು, ಬಳೆ ಕಲ್ಲಿಗೆ ತಾಗಿದಂತೆ. ರೋಲರಿನ ಮೇಲೆ ಹಳದಿ ಬಣ್ಣದ್ದು ಏನೋ ಓಡಿತು. ಒಂದು ಗೇಣಿನಷ್ಟು ಬೆಂಕಿ. ಅಲ್ಲಿ ಕುಳಿತಿದ್ದ ಹುಡುಗಿ ಏಳದೆಯೇ ಕೈ ಚಾಚಿ, ಒದ್ದೆ ಚೀಲ ಎತ್ತಿ ಬಡಿದಳು. ಪಕ್ಕದವಳು ಬ್ಯಾರಲ್ಲಿನಿಂದ ಚರಿಗೆ ನೀರು ಸುರಿದಳು. ಹೊಗೆ ಎದ್ದು ತಗಡಿಗೆ ತಾಗಿ ಕರಗಿತು. ನಾನು ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರಿಗೆ ಅದು ದಿನದ ಕೆಲಸ. ನಾನು ಮಾತ್ರ ಗೋಡೆಗೆ ಬೆನ್ನು ಕೊಟ್ಟು ಹಾಗೆಯೇ ಕೆಳಗೆ ಕುಳಿತೆ. ನಾಲ್ಕು ಮಾರು ಆಚೆ ಆ ಅಗಲವಾದ ಕಿಟಕಿ ಇತ್ತು, ಅದರೊಳಗಿಂದ ನನ್ನ ಹತ್ತಿ ಇಣುಕುತ್ತಿತ್ತು.

ಮಧ್ಯಾಹ್ನದ ಮೇಲೆ ಹೊರಗಿನವರು ಬಾಗಿಲಿಗೆ ಮುಟ್ಟಿದರು. ರಾಶಿಯ ಒತ್ತಡಕ್ಕೆ ಅಗುಳಿ ಬಿಗಿದು ಕೂತಿತ್ತು, ಕಲ್ಲಿನಿಂದ ಹೊಡೆದು ಸರಿಸಬೇಕಾಯಿತು. ಬಾಗಿಲು ತೆರೆದಾಗ ಬಿಸಿಲು ಒಳಗೆ ಬಂತು. ಸಾಲಿನ ಹೆಂಗಸರು ಒಬ್ಬೊಬ್ಬರಾಗಿ ಅತ್ತ ತಿರುಗಿ ನೋಡಿ, ಮತ್ತೆ ಕೆಲಸಕ್ಕೆ ತೊಡಗಿದರು. ನಾನು ಅದರಿಂದಲೇ ಹೊರಗೆ ಹೋಗಿ ಮನೆಗೆ ಫೋನ್ ಮಾಡಿದೆ.

ಮೇಡಂ ಎರಡು ದಿನ ನನ್ನೊಂದಿಗೆ ಮಾತಾಡಲಿಲ್ಲ. ಮೂರನೆಯ ದಿನ ಕರೆದು, "ನೀವು ಮಾಡಿದ್ದು ತಪ್ಪಂತ ಅನ್ನಂಗಿಲ್ಲ. ನನಗ ಹೇಳದ ಹೋಗಿದ್ದು ತಪ್ಪು" ಎಂದರು. ಜಿನ್ನಿನವರು ಎರಡನೆಯ ಹಂತದ ಕೆಲಸವನ್ನು ನಮ್ಮಿಂದ ಹಿಂದಕ್ಕೆ ತೆಗೆದುಕೊಂಡರು. ನನ್ನ ನೌಕರಿ ಉಳಿಯಿತು. ಈಗಲೂ ಅಲ್ಲೇ ಇದ್ದೇನೆ. ವರದಿ ಕೊಡುವ ಹಿಂದಿನ ದಿನ ಮೊದಲಿನಂತೆ ನನಗೆ ಏನೂ ತಿನ್ನಲಾಗುವುದಿಲ್ಲ. ಅದನ್ನು ಈಗ ಯಾರಿಂದಲೂ ಮುಚ್ಚಿಡುವುದೂ ಇಲ್ಲ.

ಆ ವರ್ಷದ ಹತ್ತಿಯ ಹಂಗಾಮು ಯಾವ ಅನಾಹುತವೂ ಇಲ್ಲದೆ ಮುಗಿಯಿತು. ಬೇಸಿಗೆಯಲ್ಲಿ ಹುಬ್ಬಳ್ಳಿಯ ಒಂದು ಮದುವೆಯಲ್ಲಿ ಮಾಲಕರು ಸಿಕ್ಕರು. ಪಂಕ್ತಿಯಲ್ಲಿ ನನ್ನ ಎದುರೇ ಕುಳಿತಿದ್ದರು. "ನೋಡ್ರಿ, ಏನೂ ಆಗ್ಲಿಲ್ಲ. ಸುಮ್ನ ಅಂಜಿಸಿ ಬಿಟ್ರಿ ನಮ್ಮನ್ನ" ಎಂದರು. ನಾನು "ಹೌದ್ರಿ" ಎಂದೆ. ಆಗದೆ ಹೋದದ್ದಕ್ಕೆ ಯಾರು ಸಾಕ್ಷಿ ಹೇಳುತ್ತಾರೆ?

ಮುಂದಿನ ಹಂಗಾಮಿನಲ್ಲಿ ಬೇರೆ ಕೆಲಸಕ್ಕೆ ಕುಂದಗೋಳಕ್ಕೆ ಹೋದಾಗ ಜಿನ್ನಿನ ಮ್ಯಾನೇಜರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ರಾಶಿ ಹಳೆಯ ಜಾಗದಲ್ಲೇ ಇದೆ ಎಂದರು. ಕುಬಿಹಾಳದವಳ ಬಗ್ಗೆ ಕೇಳಿದೆ. "ಆಕಿ ಈ ವರ್ಷ ಬರಾಕತ್ತಿಲ್ರಿ" ಎಂದು ಅವಸರದಲ್ಲಿ ಬಸ್ ಹತ್ತಿದರು.

ಅಂದೇ ಮಧ್ಯಾಹ್ನ ಕುಬಿಹಾಳಕ್ಕೆ ಹೋದೆ. ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅವಳು ಅಂಗಳದಲ್ಲಿ ಮೆಣಸಿನಕಾಯಿ ಆರಿಸುತ್ತಿದ್ದಳು, ಮಗಳ ಕೂಸು ಪಕ್ಕದಲ್ಲಿ ಮಲಗಿತ್ತು. ನನ್ನನ್ನು ಕಂಡು ಎದ್ದು ಕಂಬಳಿ ಹಾಸಿದಳು. ಚಹಾ ಕುಡಿದ ಮೇಲೆ ಕೇಳಿದೆ.

"ಜಿನ್ನು ನೀನ ಬಿಟ್ಟಿಯೋ, ಅವರ ಬ್ಯಾಡ ಅಂದ್ರೋ?"

"ಕರೀಲಿಲ್ರಿ. ಎಲ್ಲಾರಿಗೂ ಹೇಳಿ ಕಳಿಸಿದ್ರು, ನನಗ ಹೇಳಿ ಕಳಿಸಲಿಲ್ಲ. ಯಾಕ ಅಂತ ನಾನೂ ಕೇಳ್ಲಿಲ್ಲ."

"ನಾ ನಿನ್ನ ಹೆಸರ ಹೇಳಿಲ್ಲವ್ವಾ."

"ಹೇಳಿಲ್ಲ ಅಂತ ಗೊತ್ತೈತ್ರಿ. ಬಸ್ಸಿನ್ಯಾಗ ನಾವಿಬ್ರು ಕೂತದ್ದು ಯಾರರೆ ನೋಡಿರಬೇಕು. ಇಲ್ಲಾ ವಯಸ್ಸಾತು ಅಂತ ಬಿಟ್ಟಿರಬೇಕು. ಏನಂತ ತಿಳಕೊಳ್ಳೂದು?" ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಮೆಣಸಿನಕಾಯಿಯ ತೊಟ್ಟು ಮುರಿಯುತ್ತಲೇ ಇದ್ದಳು.

"ನಾ ಹೋಗಿ ಮಾಲಕರ ಕೂಡ ಮಾತಾಡ್ಲೇನು?"

ಅವಳ ಕೈ ನಿಂತಿತು. ಮೊದಲ ಸಲ ನೇರವಾಗಿ ನನ್ನ ಮುಖ ನೋಡಿದಳು.

"ಬ್ಯಾಡ್ರಿ, ಅಕ್ಕಾರ. ನೀವು ಮತ್ತ ಏನೂ ಹೇಳಾಕ ಹೋಗಬ್ಯಾಡ್ರಿ."

ಆ ಕಣ್ಣಲ್ಲಿ ಇದ್ದದ್ದು ಏನೆಂದು ನನಗೆ ಚೆನ್ನಾಗಿ ಗೊತ್ತು. ಅದನ್ನು ಹನ್ನೆರಡು ವರ್ಷ ಕನ್ನಡಿಯಲ್ಲಿ ಕಂಡಿದ್ದೇನೆ. ಆಗಲಿ ಎಂದು ಹೇಳಿ ಎದ್ದೆ. ಅವಳು ಒಳಗೆ ಹೋಗಿ ಒಂದು ಬೊಗಸೆ ಮೆಣಸಿನಕಾಯಿಯನ್ನು ಪೇಪರಿನಲ್ಲಿ ಸುತ್ತಿ ತಂದು ಕೈಗಿಟ್ಟಳು. ಕೊನೆಯ ಬಸ್ ಎಷ್ಟಕ್ಕೆ ಎಂದು ಕೇಳಿದೆ. ಅವಳೇ ಸ್ಟಾಪಿನವರೆಗೆ ಬಂದು, ಬಸ್ ಬರುವ ತನಕ ನನ್ನ ಜೊತೆ ನಿಂತಳು.